ಕಾಶಪ್ಪ ಮತ್ತು ಕಾನಡಿ ಗಲ್ಲಿಯ ಆನೆಗಳು

ನಮ್ಮ ಬಣ್ಣದ ಅಂಗಡಿ ಹಡಪಸರದ ಕೆನಾಲ್ ದಂಡೆಗೆ ಇತ್ತು. ನಮ್ಮ ಮನೆಯವರು ಇಂಡಿ ತಾಲೂಕು ಬಿಟ್ಟು ಪುಣೆಗೆ ಬಂದು ಹಾಕಿದ ಅಂಗಡಿ ಅದು. ಅವರು ಹೋದ ಮೇಲೆ ನಾನೇ ಕೂತೆ. ಸುಣ್ಣ, ಕೆಮ್ಮಣ್ಣು, ಹಳದಿ ಪುಡಿ, ನೀಲಿ ಪುಡಿ, ಕಾಡಿಗೆ ಕಪ್ಪು, ಬ್ರಶ್ಶು. ಅಂಗಡಿಗೆ ಹತ್ತಿಕೊಂಡು ಒಂದು ಗಲ್ಲಿ ಒಳಗೆ ಹೋಗುತ್ತಿತ್ತು. ಗುಲ್ಬರ್ಗಾ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೇ ಅಲ್ಲಿ ತುಂಬಿದ್ದರಿಂದ ಮರಾಠಿ ಮಂದಿ ಅದಕ್ಕೆ ಕಾನಡಿ ಗಲ್ಲಿ ಅನ್ನುತ್ತಿದ್ದರು. ಈಗ ಅಲ್ಲಿ ದೊಡ್ಡ ಇಮಾರತಿ ಎದ್ದಿದೆ. ಆದರೆ ಕಣ್ಣು ಮುಚ್ಚಿದರೆ ನಾನು ಆ ಗಲ್ಲಿಯೊಳಗೆ ಗೋಡೆ ಗೋಡೆ ನೋಡುತ್ತ ಇಂದಿಗೂ ನಡೆದುಹೋಗಬಲ್ಲೆ.

ಒಳಗೆ ಕಾಲಿಟ್ಟರೆ ಎಡಕ್ಕೂ ಬಲಕ್ಕೂ ಆನೆಗಳು. ಮನೆ ಅಂದರೆ ಇಟ್ಟಂಗಿ ಗೋಡೆ, ತಗಡಿನ ಮಾಳಿಗೆ, ಅಷ್ಟೇ. ಆದರೆ ಮಗಳ ಲಗ್ನವಾದ ಪ್ರತಿ ಮನೆಯ ಬಾಗಿಲಿನ ಎರಡೂ ಕಡೆ ಒಂದೊಂದು ಆನೆ, ಸೊಂಡಿಲೆತ್ತಿ ಹೂವಿನ ಮಾಲೆ ಹಿಡಿದು ನಿಂತಿರುತ್ತಿತ್ತು. ಬಾಗಿಲ ಮೇಲೆ ಗಿಳಿಗಳ ತೋರಣ. ಅದರ ನಡುವೆ ಮದುಮಗ, ಮದುಮಗಳ ಹೆಸರು. ಎಲ್ಲ ಒಬ್ಬನೇ ಬರೆದದ್ದು, ಆದರೆ ಒಂದು ಆನೆಯ ಹಾಗೆ ಇನ್ನೊಂದಿಲ್ಲ. ಮೇಸ್ತ್ರಿಯ ಮನೆಯ ಆನೆಗೆ ಮೇಸ್ತ್ರಿಯದೇ ಹೊಟ್ಟೆ. ಮಾಂತು ಅನ್ನುವವನ ಮನೆಯ ಗೋಡೆಗೆ ಕರೆಂಟಿನ ಮೀಟರ್ ಡಬ್ಬಿ ಇತ್ತು, ಅದನ್ನೇ ಅಂಬಾರಿ ಮಾಡಿ ಅದರ ಕೆಳಗೆ ಆನೆ ಬರೆದಿದ್ದ. ಮೀಟರ್ ನೋಡಲು ಬಂದ ಮನುಷ್ಯ ಆನೆಯ ಬೆನ್ನ ಮೇಲಿನ ನಂಬರು ಓದಿಕೊಂಡು ಹೋಗಬೇಕು! ಇನ್ನೊಂದು ಮನೆಯಲ್ಲಿ ನಳದ ಪೈಪು ಮರವಾಗಿತ್ತು, ಮತ್ತೊಂದರಲ್ಲಿ ಗೋಡೆಯ ಬಿರುಕು ಬಳ್ಳಿಯಾಗಿತ್ತು. ಇದ್ದದ್ದನ್ನು ಮುಚ್ಚುವುದು ಅವನಿಗೆ ಬರುತ್ತಿರಲಿಲ್ಲ, ಇದ್ದದ್ದನ್ನೇ ಚಂದ ಮಾಡುತ್ತಿದ್ದ.

ಅವನ ಹೆಸರು ಕಾಶಪ್ಪ. ಅಫಜಲಪುರದ ಹತ್ತಿರ, ಭೀಮಾ ನದಿಯ ದಂಡೆಯ ಒಂದು ಹಳ್ಳಿಯವನು. ಅಪ್ಪನೂ ಲಗ್ನದ ಗೋಡೆ ಬರೆಯುತ್ತಿದ್ದನಂತೆ. ಪುಣೆಗೆ ಬಂದ ಕಾಶಪ್ಪ ಇಮಾರತಿಗಳಿಗೆ ಬಣ್ಣ ಹಚ್ಚುವ ಕೂಲಿಗೆ ಹೋಗುತ್ತಿದ್ದ. ಹತ್ತಿರದ ಮಗರಪಟ್ಟಾದಲ್ಲಿ ಎತ್ತರದ ಕಟ್ಟಡಗಳು ಏಳುತ್ತಿದ್ದ ಕಾಲಕ್ಕೆ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು, ಮುಗಿಲಿಗೆ ಜೋತುಬಿದ್ದು, ದಿನವಿಡೀ ಒಂದೇ ಬಣ್ಣ ಹಚ್ಚುತ್ತಿದ್ದ. ಸಂಜೆ ಬಂದವನೇ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದ.

"ಮಜ್ಜಿಗಿ ಬಣ್ಣ ಹಚ್ಚಿ ಹಚ್ಚಿ ನನ್ನ ಕಣ್ಣ ಹಳಸ್ಯಾವ್ರಿ ಅವ್ವಾರ. ಒಂದೀಟು ಕೆಮ್ಮಣ್ಣ ತೋರಸ್ರಿ, ಕಣ್ಣ ತೊಳ್ಕೋತೀನಿ."

"ತೋರಸೂದು ಯಾಕ, ಒಯ್ಯಿ. ಯಾರ ಮನಿ ಲಗ್ನ ಅದ?"

"ಲಗ್ನ ಇಲ್ರಿ. ಇದ್ರ ಛಲೋ ಇತ್ತು."

ಲಗ್ನದ ಗೋಡೆಗೆ ಅವನು ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಟೆಂಗಿನಕಾಯಿ, ಒಂದು ಟಾವೆಲ್, ಅಷ್ಟೇ. ಅಕ್ಷರ ಬರುತ್ತಿರಲಿಲ್ಲ, ಆದರೆ ಲಗ್ನಪತ್ರಿಕೆ ಎದುರಿಗೆ ಇಟ್ಟುಕೊಂಡು ಹೆಸರುಗಳನ್ನು ಗಿಳಿಯ ಚಿತ್ರ ಬರೆದ ಹಾಗೆಯೇ ಬರೆಯುತ್ತಿದ್ದ. 'ಇಂದೂ' ಅನ್ನುವುದರಲ್ಲಿ ಸೊನ್ನೆಯ ಒಳಗೆ ಒಂದು ಪುಟ್ಟ ಹೂವು ಇಟ್ಟಿದ್ದು ನನಗೆ ಇನ್ನೂ ಕಾಣಿಸುತ್ತದೆ.

ಆ ಇಂದೂನ ಗೋಡೆಯ ಮಾತೇ ನಾನು ಹೇಳಬೇಕಾಗಿದ್ದು. ಅದಕ್ಕೂ ಮೊದಲು ಗಲ್ಲಿಯ ಪದ್ಧತಿ ಹೇಳಬೇಕು.

ಲಗ್ನವಾದ ಮೇಲೆ ಆ ಆನೆಗಳನ್ನು ಯಾರೂ ಅಳಿಸುತ್ತಿರಲಿಲ್ಲ. ಮಗಳು ಮೊದಲ ಕೂಸನ್ನು ಎತ್ತಿಕೊಂಡು ತವರಿಗೆ ಬರಬೇಕು. ಕೂಸಿನ ಅಂಗೈಯನ್ನು ಅರಿಶಿಣ ನೀರಿನಲ್ಲಿ ಅದ್ದಿ ಆನೆಯ ಕಣ್ಣಿಗೆ ಹಚ್ಚಬೇಕು. ಒಂದು ಆನೆಯ ಕಣ್ಣು ಕೂಸು ಒರೆಸಿದರೆ ಇನ್ನೊಂದರದ್ದು ತಾಯಿ ಒರೆಸುತ್ತಿದ್ದಳು. ಆಮೇಲೆ ಸಕ್ಕರೆ ಹಂಚಿ ಮರುದಿನ ಸುಣ್ಣ ಬಳಿಯುತ್ತಿದ್ದರು. ಇದಕ್ಕೆ 'ಆನಿ ಇಳಸೂದು' ಅಂತ ಹೆಸರು. ಕಾಶಪ್ಪನನ್ನು ಕಂಬಳಿಯ ಮೇಲೆ ಕೂಡಿಸಿ, ಮತ್ತೊಂದು ಟಾವೆಲ್ ಹೊದಿಸಿ, ಬಾಣಂತಿ ಅವನ ಕಾಲಿಗೆ ಬೀಳುತ್ತಿದ್ದಳು. ಹಗಲೆಲ್ಲ ಹಲಗೆಯ ಮೇಲೆ ಜೋತಾಡುವ ಮನುಷ್ಯ ಆ ಕಂಬಳಿಯ ಮೇಲೆ ಕೂತಾಗ ಮಠದ ಅಜ್ಜನ ಹಾಗೆ ಕಾಣುತ್ತಿದ್ದ. ಕಾಶಪ್ಪನ ಊರಿನ ಪದ್ಧತಿ ಅಂತ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಇಂದೂ ಅಂದರೆ ಸಾಬವ್ವನ ಮಗಳು. ಸಾಬವ್ವ ನಮ್ಮ ಅಂಗಡಿಯಿಂದ ಮೂರನೇ ಮನೆ. ಗಂಡ ಸತ್ತ ಮೇಲೆ ತಲೆಯ ಮೇಲೆ ಇಟ್ಟಂಗಿ ಹೊತ್ತು ಮಗಳನ್ನೂ, ಅವಳ ಬೆನ್ನಿಗೆ ಹುಟ್ಟಿದ ಸಂಜುನನ್ನೂ ದೊಡ್ಡವರನ್ನು ಮಾಡಿದಳು. ತೊಂಬತ್ತೇಳರಲ್ಲಿ ಇಂದೂನ ಲಗ್ನ. ದೌಂಡದ ಹುಡುಗ, ರೈಲ್ವೆಯಲ್ಲಿ ಹಳಿ ನೋಡುವ ಕೆಲಸ. ಸರಕಾರಿ ನೌಕರಿಯ ಅಳಿಯ ಅಂತ ಸಾಬವ್ವ ನೆಲದ ಮೇಲೆ ಇರಲಿಲ್ಲ.

ಆ ಲಗ್ನಕ್ಕೆ ಕಾಶಪ್ಪ ಬರೆದ ಆನೆಗಳ ಮುಂದೆ ಬೇರೆ ಯಾವುದೂ ನಿಲ್ಲುತ್ತಿರಲಿಲ್ಲ. ಬಲಗಡೆಯ ಆನೆ ಮುಂದಿನ ಕಾಲು ಒಂದಿಷ್ಟು ಎತ್ತಿತ್ತು, ಈಗ ಹೊಸ್ತಿಲ ಮೇಲೆ ಇಟ್ಟೀತು ಅನ್ನಿಸುತ್ತಿತ್ತು. ಎಡಗಡೆಯದ್ದು ಹೆಣ್ಣಾನೆ. ಅದು ಬಾಗಿಲ ಕಡೆ ನೋಡದೆ ಕತ್ತು ಹೊರಳಿಸಿ ಗಲ್ಲಿಯ ಕಡೆ ನೋಡುತ್ತಿತ್ತು, ಕಳಿಸಿಕೊಟ್ಟವರನ್ನು ತಿರುಗಿ ನೋಡಿದ ಹಾಗೆ. ಕಿವಿಯ ಅಂಚಿಗೆ ಕೆಮ್ಮಣ್ಣಿನ ಚುಕ್ಕಿ, ಬೆನ್ನ ಮೇಲೆ ಹೊದಿಸಿದ ಜೂಲಿಗೆ ನೀಲಿ ಮತ್ತು ಹಳದಿ ಪಟ್ಟಿ. ನಾನು ಸಂಜೆ ಹೊತ್ತು ಸುಮ್ಮನೆ ಅದರ ಎದುರಿಗೆ ಹೋಗಿ ನಿಲ್ಲುತ್ತಿದ್ದೆ. ಒಮ್ಮೆ ಕ್ಯಾಮೆರಾ ಹಿಡಿದ ಕಾಲೇಜಿನ ಹುಡುಗಿಯರು ಬಂದು ಎಲ್ಲ ಗೋಡೆ ಬಿಟ್ಟು ಅದರದ್ದೇ ಫೋಟೋ ಹೊಡೆದುಕೊಂಡು ಹೋದರು.

ಆದರೆ ವರ್ಷಗಳು ಹೋದವು, ಇಂದೂಗೆ ಕೂಸಾಗಲಿಲ್ಲ.

ಬೇರೆಯವರ ಮನೆಯ ಆನೆಗಳು ಇಳಿದವು, ತಂಗಿಯರ ಲಗ್ನಕ್ಕೆ ಹೊಸ ಆನೆಗಳು ಬಂದವು, ಅವೂ ಇಳಿದವು. ಸಾಬವ್ವನ ಗೋಡೆಯವು ಮಾತ್ರ ನಿಂತೇ ಇದ್ದವು. ದೀಪಾವಳಿಗೆ ಸಾಬವ್ವ ನನ್ನ ಹತ್ತಿರ ಕೆಮ್ಮಣ್ಣು ಒಯ್ದು, ಮಾಸಿದಲ್ಲಿ ತಾನೇ ತೀಡುತ್ತಿದ್ದಳು. "ಮೊಮ್ಮಗ ಬಂದಾಗ ಆನಿ ಕುರುಡ ಆಗಿರಬಾರದಲ್ರಿ ಅಕ್ಕಾರ," ಅನ್ನುತ್ತಿದ್ದಳು. ಯಾರ ಹೊಟ್ಟೆಯಲ್ಲಿ ಏನಿಲ್ಲ ಅನ್ನುವುದು ಬೇರೆ ಊರಿನಲ್ಲಿ ಮನೆಯೊಳಗಿನ ಮಾತು. ಇಲ್ಲಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ನಿಂತುಬಿಟ್ಟಿತ್ತು.

ಒಂದು ಪಂಚಮಿಗೆ ಇಂದೂ ತವರಿಗೆ ಬಂದಿದ್ದಳು. ಅದೇ ದಿನ ಎದುರುಮನೆಯ ಮಾಯಾ ಕೂಸು ತಂದಿದ್ದಳು, ಆನಿ ಇಳಸೂದು ನಡೆದಿತ್ತು. ಕಾಶಪ್ಪ ಕಂಬಳಿಯ ಮೇಲೆ ಕೂತಿದ್ದ. ನಾನೂ ಹೋಗಿದ್ದೆ. ಇಂದೂ ಒಂದು ಬದಿಗೆ ಸಕ್ಕರೆ ತಟ್ಟೆ ಹಿಡಿದು ನಿಂತಿದ್ದಳು. ಆ ಗಲ್ಲಿಯಲ್ಲಿ ಶಿವಬಸವ್ವ ಅಂತ ಒಬ್ಬ ಹೆಂಗಸು, ಮಾಯಾನ ಅಜ್ಜಿ. ಕೆಟ್ಟವಳಲ್ಲ, ಆದರೆ ಬಾಯಿಗೆ ಚಿಲಕ ಇರಲಿಲ್ಲ. ಸಾಬವ್ವನ ಗೋಡೆಯ ಕಡೆ ಕೈ ಮಾಡಿ ಅಂದಳು:

"ನಮ್ಮ ಆನಿ ಇಳದ್ವು. ಸಾಬವ್ವಾ, ನಿಮ್ಮವ್ವು ಯಾವಾಗ್ ಇಳೀತಾವ? ನಿಂತು ನಿಂತು ಕಾಲ್ ಸೋತು ತಾವ ಕುಂತ್ಕೊಂಡಾವು ನೋಡು!"

ಮಂದಿ ನಕ್ಕರು. ಇಂದೂ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಸಂಜೆಯ ಗಾಡಿಗೆ ದೌಂಡಕ್ಕೆ ಹೋಗಿಬಿಟ್ಟಳು. ಆಮೇಲೆ ಪಂಚಮಿಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಸಾಬವ್ವನೇ ಹೋಗಿ ನೋಡಿಬರುತ್ತಿದ್ದಳು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಸಂಜುನ ಲಗ್ನ ಗೊತ್ತಾಯಿತು. ಸಂಜು ಆಗ ರಾಂಜಣಗಾಂವದ ಒಂದು ಕಾರಖಾನೆಯಲ್ಲಿದ್ದ. ಒಂದು ಸಂಜೆ ಕಾಶಪ್ಪ ನನ್ನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಸಾಬವ್ವ ಬಂದಳು.

"ಕಾಶಪ್ಪಣ್ಣ, ಸಂಜುನ ಲಗ್ನದ ಗೋಡಿ ನೀನ ಬರೀಬೇಕು. ಆದ್ರ ಬಾಗಲಾ ಮುಟ್ಟಬ್ಯಾಡ. ಬಾಜೂಕ ನೀರಿನ ಪೀಪಾಯಿ ಅದಾವಲ್ಲ, ಆ ಗೋಡಿಗೆ ಬರಿ."

"ಪೀಪಾಯಿ ಹಿಂದ ಬರೀಲೇನು? ಮದುಮಗ ಏನ್ ಕದ್ದು ಲಗ್ನ ಆಗಾಕತ್ಯಾನ?"

ಸಾಬವ್ವ ನಗಲಿಲ್ಲ. "ಬಾಗಲದಾಗ ಇಂದೂನ ಆನಿ ಅದಾವಲ್ಲ."

"ಹೌದು. ಇಂದೂ ಬಂದಾಗ ಕೇಳಿದ್ರಾತು."

"ಇಂದೂ ಬರೂದಿಲ್ಲಂತ." ಸಾಬವ್ವ ಕಟ್ಟೆಯ ಮೇಲೆ ಕೂತಳು. "ಸಂಜು ಹೋಗಿ ಕರದು ಬಂದ. ಆ ಆನಿ ಮುಂದ ನಿಂತು ಯಾರ್ ಯಾರ ಬಾಯಿಗೆ ಉತ್ತರ ಕೊಡ್ಲಿ, ನೀನ ಲಗ್ನ ಮಾಡ್ಕೋಪಾ ಅಂದ್ಲಂತ. ಒಬ್ಬಾಕಿನ ಅಕ್ಕ. ಅವನ ಬೆನ್ನಿಗೆ ಕಳಸ ಹಿಡದು ಯಾರ್ ನಿಲ್ಲಬೇಕು, ನೀವ ಹೇಳ್ರಿ ಅಕ್ಕಾರ. ಆನಿ ಅಳಸಿ ಕರೀಲೇನು ಅಂದ್ರ, ಅಳಸಿದ್ರ ಆಕಿಗೆ ಕೂಸು ಆಗೂದ ಇಲ್ಲಂತ ನಾನ ಬರದುಕೊಟ್ಟಂಗ ಆತದ. ಇಟ್ರ ಮಗಳು ಬರೂದಿಲ್ಲ, ತಗದ್ರ ಮಗಳ ಹಣೇಬಾರ ಅಳಸಿದಂಗ."

ಅವಳು ಕಣ್ಣೊರೆಸಿಕೊಂಡು ಹೋದಳು. ಕಾಶಪ್ಪನ ಚಹಾ ಕೈಯಲ್ಲೇ ಆರಿತು. ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಅಂದ:

"ಅವ್ವಾರ, ಆ ಪದ್ಧತಿ ಅದಲ್ರಿ, ಆನಿ ಇಳಸೂದು. ಅದು ನಂದು."

"ಗೊತ್ತದಪ್ಪಾ, ನಿಮ್ಮೂರಿಂದು."

"ನಮ್ಮೂರಾಗ ಇಲ್ರಿ ಅದು. ನನ್ನ ಬಾಯಾಗ ಹುಟ್ಟಿದ್ದು."

ನಾನು ಅವನ ಮುಖವನ್ನೇ ನೋಡಿದೆ. ಅವನು ನೆಲ ನೋಡುತ್ತ ಹೇಳಿದ. ಅವನ ಊರಿನಲ್ಲಿ ಮಣ್ಣಿನ ಗೋಡೆಗಳು. ಬೇಸಿಗೆಯಲ್ಲಿ ಲಗ್ನ, ಮೊದಲ ಮಳೆಗೆ ಆನೆಗಳು ಹರಿದು ಭೀಮೆ ಸೇರುತ್ತಿದ್ದವು. ಅವನಪ್ಪ ಅದಕ್ಕೆ ಎಂದೂ ಮರುಗಿದವನಲ್ಲ. ಪುಣೆಯಲ್ಲಿ ಕಾಶಪ್ಪ ಮೊದಲ ಗೋಡೆ ಬರೆದದ್ದು ಮೇಸ್ತ್ರಿಯ ಮಗಳು ವಸಂತಿಯ ಲಗ್ನಕ್ಕೆ. ದೀಪಾವಳಿಯ ಮುಂದೆ ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ ಮೇಸ್ತ್ರಿಯ ಹೆಂಡತಿ ಸುಣ್ಣದ ಬಕೆಟ್ ಇಟ್ಟುಕೊಂಡು ಆನೆಯ ಮೇಲೆ ಬ್ರಶ್ಶು ಎತ್ತಿದ್ದಾಳೆ.

"ಇಡೀ ದಿನ ಮಂದಿ ಗ್ವಾಡಿಗೆ ಮಜ್ಜಿಗಿ ಬಣ್ಣ ಹಚ್ಚಿ ಬಂದಿದ್ನಿರಿ. ಆ ಬ್ರಶ್ಶು ನೋಡಿ ಬಾಯಿಗೆ ಬಂದದ್ದು ಅಂದೆ. ಏ, ಮೊದಲನೇ ಕೂಸು ಬಂದು ನೋಡೂತನಕ ಅಳಸಬಾರದ್ರೀ, ನಮ್ಮೂರಾಗ ಹಂಗ ಪದ್ಧತಿ ಅದ ಅಂತ. ಒಂದ್ ವರ್ಷ ಉಳದೀತು ಅಂತ ಆಸೆ, ಅಷ್ಟರಿ. ವಸಂತಿ ಕೂಸು ತಂದಾಗ ತಾವ ಅರಿಶಿಣ ಕಲಸಿದ್ರು, ತಾವ ಸಕ್ಕರಿ ಹಂಚಿದ್ರು, ನನಗ ಕಂಬಳಿ ಹಾಸಿದ್ರು. ನಾ ಕುಂತೆ."

"ಆಮ್ಯಾಲರ ಹೇಳಬೇಕಿತ್ತಲ್ಲೋ."

"ಕುಂತಾವ ಏಳೂದು ಭಾಳ ತ್ರಾಸರಿ ಅವ್ವಾರ. ಊರಾಗ ನಾ ಯಾರೂ ಅಲ್ಲ, ಇಮಾರತಿ ಮ್ಯಾಲ ಯಾರೂ ಅಲ್ಲ. ಈ ಗಲ್ಲಿಯೊಳಗ ಒಂದ್ ಕಂಬಳಿ ಇತ್ತು."

ನನಗೆ ಸಿಟ್ಟು ಬಂದಿತ್ತು. ಅವನೇ ಎದ್ದು ನಿಂತು, "ನಾಳೆ ದೌಂಡಕ್ಕ ಹೋಗತೀನ್ರಿ. ಒಬ್ಬವ ಹೋದ್ರ ಆಕಿ ಹೆದರ್ಯಾಳು, ನೀವು ಬರ್ರಿ" ಅಂದ. ಮರುದಿನ ಅಂಗಡಿ ಮುಚ್ಚಿ ಅವನ ಜೊತೆ ಹೋದೆ.

ಬೆಳಗಿನ ಶಟಲ್ ಗಾಡಿ. ದಾರಿಯುದ್ದಕ್ಕೂ ಕಬ್ಬಿನ ಹೊಲ. ಇಂದೂನ ಮನೆ ಹಳಿಗಳ ಮಗ್ಗುಲಲ್ಲಿ, ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಗಂಡ ಕೆಲಸಕ್ಕೆ ಹೋಗಿದ್ದ. ಇಂದೂ ಬಟ್ಟೆ ಒಣಹಾಕುತ್ತಿದ್ದವಳು ನಮ್ಮನ್ನು ನೋಡಿ ಓಡಿಬಂದಳು.

"ಅಯ್ಯ, ಅಕ್ಕಾರ! ಕಾಕಾನೂ! ಅವ್ವಗ ಏನರ ಆಗೇದೇನ್ರಿ?"

"ಏನೂ ಆಗಿಲ್ಲವ್ವಾ. ನಿನ್ನ ನೋಡಾಕ ಬಂದ್ವಿ."

ಒಳಗೆ ಕೂಡಿಸಿ ಚಹಾಕ್ಕೆ ಇಟ್ಟಳು. ಕಾಶಪ್ಪ ಗೋಡೆ ನೋಡುತ್ತ, "ಚಹಾ ಭಾಳ ಛಲೋ ಆಗೇದ ನೋಡವ್ವಾ" ಅಂದ.

"ಇನ್ನೂ ಒಲಿ ಮ್ಯಾಲ ಅದರಿ ಕಾಕಾ."

ನಾನು ಮೊಣಕೈಯಿಂದ ತಿವಿದೆ. ಅವನು ಗಂಟಲು ಸರಿಮಾಡಿಕೊಂಡು ಹೇಳತೊಡಗಿದ. ಅಷ್ಟರಲ್ಲಿ ಸೊಲ್ಲಾಪುರದ ಗಾಡಿ ಬಂತು. ಮನೆಯ ಪಾತ್ರೆಗಳೆಲ್ಲ ಗಲಗಲ ಅಂದವು, ಅವನ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಇಂದೂ ಕಿವಿಗೆ ಕೈ ಹಿಡಿದು "ಏನ್ರೀ?" ಅಂದಳು. ಬಡವ, ಬದುಕಿನಲ್ಲಿ ಎಂದೂ ಯಾರಿಗೂ ಹೇಳಬಾರದು ಅಂದುಕೊಂಡ ಮಾತನ್ನು ಒದರಿ ಹೇಳಬೇಕಾಯಿತು.

"ಆ ಪದ್ಧತಿ ಸುಳ್ಳವ್ವಾ! ನಾ ಕಟ್ಟಿ ಹೇಳಿದ್ದು! ನನ್ನ ಚಿತ್ರ ಉಳೀಲಿ ಅಂತ ಹೇಳಿದ್ದು!"

ಗಾಡಿ ಹೋಯಿತು. ಇಂದೂ ಸೌಟು ಹಿಡಿದು ನಿಂತೇ ಇದ್ದಳು. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಮೊದಲು ನಕ್ಕಳು. ಆ ನಗೆ ಸರಿಯಿರಲಿಲ್ಲ.

"ಶಿವಬಸವ್ವ ಅಜ್ಜಿ ಅವತ್ತ ಅಂದ ಮಾತು ನೆನಪದೇನ್ರಿ ಕಾಕಾ? ನೀವೂ ಇದ್ರಿ. ಕಂಬಳಿ ಮ್ಯಾಲ ಕುಂತಿದ್ರಿ, ಟಾವೆಲ್ ಹೊದ್ಕೊಂಡು."

"ಇದ್ನೆವ್ವಾ."

"ಒಂದ್ ಮಾತು ಆಡಿದ್ರ ಮುಗೀತಿತ್ತು."

"ಹೌದು."

"ನನ್ನ ಗಂಡ ಏನೂ ಅಂದಿಲ್ಲ, ನಮ್ಮತ್ತಿ ಏನೂ ಅಂದಿಲ್ಲ. ಊರ ಮಂದಿ ಬಾಯಿ ತಡೀಬಹುದು. ಆದ್ರ ನನ್ನ ತವರಮನಿ ಬಾಗಲಾ ನನಗ ನೋಡಿ, ಇನ್ನೂ ಇಲ್ಲೇನು, ಇನ್ನೂ ಇಲ್ಲೇನು ಅಂತಿತ್ರಿ." ಸೀರೆಯ ಸೆರಗಿನಿಂದ ಒಲೆ ಒರೆಸುತ್ತ ಅಂದಳು. "ನನಗ ಹೇಳಿ ಹಗರ ಆಗಬ್ಯಾಡ್ರಿ. ಆ ಸುಳ್ಳು ಎಲ್ಲಿ ಬೆಳಿಸೀರೋ ಅಲ್ಲಿ ಹೇಳ್ರಿ, ಎಲ್ಲಾರ ಮುಂದ. ಹೇಳೀರಿ ಅಂತ ಸುದ್ದಿ ಬರಲಿ, ಆಮ್ಯಾಲ ನಾ ಗಾಡಿ ಹತ್ತತೀನಿ."

"ನೀ ಮುಂದ ಇರವ್ವಾ, ನಿನ್ನ ಎದುರಿಗೇ..."

"ಇಲ್ರಿ. ನಿಮ್ಮ ಮಾತಿಗೆ ಮಂದಿ ಏನ್ ಅಂತಾರ ಅದನ್ನೂ ನಾ ನಿಂತು ಕೇಳಬೇಕೇನು?"

ಆದರೂ ಅವಳು ನಮಗೆ ಊಟ ಮಾಡಿಸಿಯೇ ಕಳಿಸಿದಳು. ಕಾಶಪ್ಪನ ತಟ್ಟೆಗೆ ಎರಡು ಸಲ ತುಪ್ಪ ಬಡಿಸಿದ್ದು ನಾನು ನೋಡಿದೆ.

ಲಗ್ನಕ್ಕೆ ಎರಡು ದಿನ ಮೊದಲು ಸಾಬವ್ವನ ಮನೆಯ ಮುಂದೆ ಹಂದರ ಹಾಕಿದರು. ಗಲ್ಲಿಗೆ ಗಲ್ಲಿಯೇ ನೆರೆದಿತ್ತು. ಗಂಡಸರು ಗಳ ಕಟ್ಟುತ್ತಿದ್ದರು, ಹೆಂಗಸರು ಶಾವಿಗೆ ಪಾಯಸಕ್ಕೆ ಬೆಲ್ಲ ಕುಟ್ಟುತ್ತಿದ್ದರು. ಕಾಶಪ್ಪ ಬಂದ. ರೂಢಿಯ ಹಾಗೆ ಯಾರೋ ಅವನಿಗೆ ಕಂಬಳಿ ಹಾಸಿದರು. ಅವನು ಅದನ್ನು ಮಡಚಿ ಬದಿಗಿಟ್ಟು ನಿಂತುಕೊಂಡೇ ಹೇಳಿದ. ಮೇಸ್ತ್ರಿಯ ಹೆಂಡತಿಯ ಬ್ರಶ್ಶಿನಿಂದ ಹಿಡಿದು ಎಲ್ಲವನ್ನೂ ಹೇಳಿದ. "ನನ್ನ ಸುಳ್ಳಿಗೆ ಈ ಮನಿ ಮಗಳು ಬಾಗಲಾ ಬಿಟ್ಟು ಹೋದ್ಲು. ಆಕಿದು ಏನೂ ತಪ್ಪಿಲ್ಲ, ಆನಿಗೂ ಕೂಸಿಗೂ ಏನೂ ಸಂಬಂಧ ಇಲ್ಲ," ಅಂದ.

ಬೆಲ್ಲ ಕುಟ್ಟುವ ಸದ್ದು ನಿಂತಿತು. ಮೊದಲು ಬಾಯಿ ಬಿಟ್ಟವಳು ಶಿವಬಸವ್ವ.

"ಅಂದ್ರ ನನ್ನ ಮರಿಮಗಳ ಕೈಲೆ ಅರಿಶಿಣ ಹಚ್ಚಿಸಿದ್ದು?"

"ಸುಳ್ಳ ಆಟರಿ."

"ನನ್ನ ಮಾಯಾ ನಿನ್ನ ಕಾಲಿಗೆ ಬಿದ್ದದ್ದು?"

"ತಪ್ಪಾತ್ರಿ."

"ನಮ್ಮ ಟಾವೆಲ್ ತಂದು ಇಡೋ ಭಾಡ್ಯಾ!"

ಕಾಶಪ್ಪ ಹಂದರದಿಂದ ಹೊರಟುಹೋದ. ಇನ್ನು ಬರುವುದಿಲ್ಲ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಒಂದು ದೊಡ್ಡ ಗಂಟು ಹೊತ್ತು ಬಂದು ಹಂದರದ ಕೆಳಗೆ ಬಿಚ್ಚಿದ. ಕೆಂಪು, ಹಸಿರು, ಬಿಳಿ ಟಾವೆಲ್ಲುಗಳು. ಎಲ್ಲವೂ ಮಡಚಿದ ಮಡಿಕೆಯಲ್ಲೇ ಇದ್ದವು, ಪೆಟ್ಟಿಗೆಯಲ್ಲಿಡುವ ಡಾಂಬರ ಗುಳಿಗೆಯ ವಾಸನೆ ಬರುತ್ತಿತ್ತು. ಹೊದಿಸಿದ ಆ ಹೊತ್ತು ಬಿಟ್ಟರೆ ಒಂದನ್ನೂ ಮೈಗೆ ಹಾಕಿರಲಿಲ್ಲ.

ಶಿವಬಸವ್ವ ಬಗ್ಗಿ ಒಂದನ್ನು ಎತ್ತಿ ಹಿಂದೆ ಮುಂದೆ ನೋಡಿದಳು. "ಇವಕ್ಕ ನೀರ ಸೈತ ತಾಗಿಲ್ಲಲ್ಲೋ. ಇಷ್ಟ ವರ್ಷ ಜಳಕಾ ಮಾಡಿ ಮೈ ಹ್ಯಾಂಗ ಒರಸ್ಕೊಂಡಿ? ಬಿಸಲಿಗೆ ಒಣಗಾಕ ನಿಲ್ಲತಿದ್ದೇನು?"

ಯಾರೋ ಕಿಸಕ್ಕನೆ ನಕ್ಕರು, ಹಿಂದೆಯೇ ಎಲ್ಲರೂ ನಕ್ಕರು. ಎಲ್ಲರೂ ಅಂದರೆ ಎಲ್ಲರೂ ಅಲ್ಲ. ಮಾಂತು ಗಂಟಿನಲ್ಲಿ ಹುಡುಕಿ ತನ್ನ ಮನೆಯ ಟಾವೆಲ್ ಎತ್ತಿಕೊಂಡು ಹೋದ. ಕಾಶಪ್ಪನ ಜೊತೆ ಬಹಳ ಕಾಲ ಮಾತಾಡಲಿಲ್ಲ. ಅವನ ಮನೆಯ ಮೀಟರಿನ ಆನೆಗೂ ಅದೇ ವಾರ ಸುಣ್ಣ ಬಿತ್ತು. ಸಾಬವ್ವ ಗೋಡೆಯ ಹತ್ತಿರ ಹೋಗಿ, ತಾನು ವರ್ಷವರ್ಷ ತೀಡಿದ ಆನೆಯ ಕಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಳು. ಆಮೇಲೆ ಮಗನಿಗೆ, "ಹೋಗು, ದೌಂಡಕ್ಕ ಫೋನ್ ಹಚ್ಚು" ಅಂದಳು.

ನಾನು ಬಹಳ ಮಂದಿಯನ್ನು ನೋಡಿದ್ದೇನೆ. ತಪ್ಪು ಮಾಡಿದವರು ಯಾರಿಲ್ಲ? ಆದರೆ ಇದ್ದ ಒಂದೇ ಗೌರವವನ್ನು, ಒಂದು ಟಾವೆಲ್ ಕೇಳಿದ್ದಕ್ಕೆ ಪೂರ್ತಿ ಗಂಟು ಕಟ್ಟಿ ತಂದು ಮಂದಿಯ ನಡುವೆ ಬಿಚ್ಚಿಟ್ಟವನನ್ನು ಅವನೊಬ್ಬನನ್ನೇ ನೋಡಿದ್ದು. ಅವನ ಚಿತ್ರಗಳನ್ನು ಮೊದಲಿಂದಲೂ ಮೆಚ್ಚಿಕೊಂಡಿದ್ದೆ. ಮನುಷ್ಯನನ್ನು ಮೆಚ್ಚಿದ್ದು ಅವತ್ತು.

ಮರುದಿನ ಬೆಳಗಿನ ಗಾಡಿಗೆ ಇಂದೂ ಬಂದಳು. ಗಲ್ಲಿಯೊಳಗೆ ಬರುವಾಗ ಯಾರ ಕಡೆಯೂ ನೋಡಲಿಲ್ಲ. ಚೀಲ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ನನ್ನ ಅಂಗಡಿಗೇ ಬಂದಳು.

"ಅಕ್ಕಾರ, ಸುಣ್ಣ ಕೊಡ್ರಿ. ದೊಡ್ಡ ಬ್ರಶ್ಶೂ ಕೊಡ್ರಿ."

ಗಲ್ಲಿಯ ಅತಿ ಚಂದದ ಗೋಡೆ ಅದು. ಆದರೆ ಕೊಟ್ಟೆ. ಸುಣ್ಣದ ಬಕೆಟ್ಟನ್ನು ಕಟ್ಟೆಯ ಮೇಲೆ ಕೂತಿದ್ದ ಕಾಶಪ್ಪನೇ ಎತ್ತಿಕೊಂಡು ಹೋದ, ತಾನೇ ಹದವಾಗಿ ಕಲಸಿದ, ಅವಳ ಪಕ್ಕಕ್ಕೆ ಹಿಡಿದು ನಿಂತ. ಅರಿಶಿಣ ನೀರಿಲ್ಲ, ಸಕ್ಕರೆ ಇಲ್ಲ. ಇಂದೂ ಕಾಲಿನಿಂದ ಶುರು ಮಾಡಿದಳು. ಎತ್ತಿದ ಕಾಲು ಹೋಯಿತು, ನೀಲಿ ಜೂಲು ಹೋಯಿತು. ಹೆಣ್ಣಾನೆಯ ಮುಖಕ್ಕೆ ಬಂದಾಗ ಕೈ ಒಂದು ಚಣ ನಿಂತಿತು. ಕಾಶಪ್ಪ ಬಕೆಟ್ ಮುಂದೆ ಮಾಡಿದ. ಅದ್ದಿ ಹಚ್ಚಿಬಿಟ್ಟಳು. ಮೇಲಿನ ಸೊಂಡಿಲು ಅವಳಿಗೆ ಎಟುಕಲಿಲ್ಲ, ಅದನ್ನು ಕಾಶಪ್ಪ ಸ್ಟೂಲು ಹತ್ತಿ ತನ್ನ ಕೈಯಿಂದಲೇ ಮುಚ್ಚಿದ.

ಬಿಸಿಲಿಗೆ ಗೋಡೆ ಬೇಗನೆ ಒಣಗಿತು. ಬೆಳ್ಳಗೆ ಖಾಲಿ ಗೋಡೆ. ಕಾಶಪ್ಪ ಅದರ ಮುಂದೆ ಕೈ ಕಟ್ಟಿಕೊಂಡು ನಿಂತ.

"ಸಂಜುನ ಲಗ್ನಕ್ಕ ಏನ್ ಬರೀಲವ್ವಾ? ನೀ ಹೇಳಿದ್ದು ಬರೀತೀನಿ."

"ಆನಿ ಬ್ಯಾಡ್ರಿ."

"ಬ್ಯಾಡ. ನವಿಲು ಬರೀಲಿ?"

ಇಂದೂ ವಿಚಾರ ಮಾಡಿದಳು. "ರೈಲು ಬರೀರಿ."

"ರೈಲು?" ಕಾಶಪ್ಪ ನನ್ನ ಕಡೆ ನೋಡಿದ. "ಲಗ್ನದ ಗ್ವಾಡಿಗೆ ರೈಲು ಯಾರ್ ಬರೀತಾರವ್ವಾ? ನಾ ಎಂದೂ ಬರದಿಲ್ಲ."

"ದಿನಾ ನನ್ನ ಅಡಗಿ ಮನಿ ಮುಂದ ಹೋಗತಾವ. ನಾ ಹೇಳತೀನಿ, ನೀವ್ ಬರೀರಿ."

ಅವನು ಸುಣ್ಣದ ಮೇಲೆ ಇದ್ದಿಲಿನಿಂದ ಗೆರೆ ಎಳೆದ. ಬಾಗಿಲಿನ ಬಲಗಡೆ ಇಂಜಿನು, ಬಾಗಿಲ ಮೇಲೆ ಹಾಯ್ದು ಎಡಗಡೆಗೆ ಡಬ್ಬಿಗಳು. ಹೊಗೆ ಇರುವ ಜಾಗದಲ್ಲಿ ಅಭ್ಯಾಸದಿಂದ ಗಿಳಿಗಳು ಬಂದವು, ಇಂದೂ ಅವನ್ನು ಇರಲಿ ಅಂದಳು. ಮುಂದಿನ ಕಿಟಕಿಯಲ್ಲಿ ಬಾಸಿಂಗ ಕಟ್ಟಿದ ಸಂಜು ಮತ್ತು ಮದುಮಗಳು. ಹಿಂದಿನ ಡಬ್ಬಿಯ ಬಾಗಿಲಲ್ಲಿ ಕಳಸ ಹಿಡಿದ ಒಬ್ಬ ಹೆಂಗಸು. ಅದನ್ನು ಬರೆಯಲು ಯಾರೂ ಹೇಳಿರಲಿಲ್ಲ. ಇಂದೂ ನೋಡಿದಳು, ಕೆಮ್ಮಣ್ಣಿನ ಡಬ್ಬಿಯನ್ನು ಅವನ ಕೈಗೆ ಹತ್ತಿರ ಸರಿಸಿದಳು.

ಶಿವಬಸವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದಳು. "ಇದೇನಿದು, ಆನಿ ಹೋಗಿ ಗಾಡಿ ಬಂತೇನು? ಇಂದೂ, ಇದರಾಗ ನನಗೊಂದು ಜಾಗಾ ಹಿಡಿಸು."

"ನಿಮಗ ಮಾಲುಗಾಡಿ ಬೇಕಾಗತದರಿ ಅಜ್ಜಿ," ಅಂದಳು ಇಂದೂ. ಮುದುಕಿ ನಕ್ಕು ಅಲ್ಲೇ ಕೂತಳು.

ಒಳಗಿನಿಂದ ಸಾಬವ್ವ ಊಟಕ್ಕೆ ಎರಡು ಸಲ ಕರೆದಳು, ಮೂರನೇ ಸಲ ಬೈದಳು. ಸಂಜು ಮೈತುಂಬ ಅರಿಶಿಣ ಹಚ್ಚಿಕೊಂಡು ಹೊರಗೆ ಬಂದು ಗೋಡೆ ನೋಡಿದ. "ಇದು ನನ್ನ ಲಗ್ನೋ, ದೌಂಡ ಶಟಲ್ಲೋ?" ಅಂದ. ಗಾಲಿಗಳು ಇಷ್ಟು ಒತ್ತಾಗಿ ಇರುವುದಿಲ್ಲ ಅಂತ ಇಂದೂ, ಇದ್ದರೇ ಚಂದ ಅಂತ ಕಾಶಪ್ಪ, ಇಬ್ಬರೂ ಗೋಡೆಗೆ ಮೂಗು ಹಚ್ಚಿ ಜಗಳ ನಡೆಸಿದ್ದರು.